ಭೀಮೆಯ ದಂಡೆಯ ನಿಧಿ, ಎರೆಮಣ್ಣಿನ ಸುಳಿವು

2017ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ವಿಡಿಯೊ ಗೇಮ್‌ನ ಬಹುಪಾಲು ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಅಮೆರಿಕದ ನಾಟಿ ಡಾಗ್ ಸ್ಟುಡಿಯೊ ಇದನ್ನು ಮಾಡಿತು. ಕ್ಲೋಯಿ ಫ್ರೇಜರ್ ಎಂಬ ಭಾರತೀಯ ಮೂಲದ ನಾಯಕಿ ಹೊಯ್ಸಳರ ಕಾಲದ ‘ಗಣೇಶನ ದಂತ’ವನ್ನು ಹುಡುಕುತ್ತ ಬೇಲೂರು, ಹಳೇಬೀಡು ಎಂಬ ಹೆಸರಿನ ಪಾಳು ನಗರಗಳನ್ನು ಹತ್ತಿ ಇಳಿಯುತ್ತಾಳೆ. ನಿಜವಾದ ಹಳೇಬೀಡು ಕೆರೆಯ ಬದಿಯ ಬಯಲೂರು. ಆಟದಲ್ಲಿ ಅದು ಜಲಪಾತಗಳ ನಡುವೆ ಅಡಗಿದ ಕಲ್ಲಿನ ನಗರವಾಗಿದೆ. ಅಷ್ಟು ಸ್ವಾತಂತ್ರ್ಯ ಕಥೆಗಾರರಿಗೆ ಇರಲಿ. ಆದರೆ ನಿಧಿ ಎಂದರೇನು, ಅದನ್ನು ಹುಡುಕುವುದು ಹೇಗೆ ಎಂಬ ವಿಷಯದಲ್ಲಿ ಈ ಆಟಕ್ಕೂ ನಮ್ಮ ನೆಲಕ್ಕೂ ಇರುವ ಅಂತರವನ್ನು ನೋಡಬೇಕಾದರೆ ಘಟ್ಟ ಬಿಟ್ಟು ಕಲಬುರಗಿ ಜಿಲ್ಲೆಗೆ ಬರಬೇಕು.

ಇಂಥ ಆಟಗಳು ಮನಸ್ಸನ್ನು ಹಿಡಿದಿಡುವುದಕ್ಕೆ ಕಾರಣ ಚಿನ್ನವಲ್ಲ, ಸುಳಿವು. 1998ರಲ್ಲಿ ಲಂಡನ್ನಿನ ಸಂಶೋಧಕರು 8 ಮಂದಿಗೆ ಯುದ್ಧಟ್ಯಾಂಕ್ ಓಡಿಸುವ ಆಟ ಆಡಿಸುತ್ತಲೇ ಅವರ ಮಿದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿದರು. ಆಡುವಾಗ ಸ್ಟ್ರಯೇಟಂ ಎಂಬ ಭಾಗದಲ್ಲಿ ಡೋಪಮಿನ್ ಬಿಡುಗಡೆಯಾಗುವುದು ಕಂಡಿತು. ಡೋಪಮಿನ್ ಬರೀ ಸುಖದ ರಾಸಾಯನಿಕವಲ್ಲ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಅವರು ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ನಿರೀಕ್ಷಿಸಿದ ಬಹುಮಾನಕ್ಕೆ ಡೋಪಮಿನ್ ನರಕೋಶಗಳು ಹೆಚ್ಚೇನೂ ಮಿಡಿಯಲಿಲ್ಲ. ಬಹುಮಾನ ಅನಿರೀಕ್ಷಿತವಾಗಿ ಬಂದಾಗ, ಮುಂದೆ ಬರಲಿದೆ ಎಂಬ ಸೂಚನೆ ಸಿಕ್ಕಾಗ ಜೋರಾಗಿ ಮಿಡಿದವು. ‘ಇನ್ನೇನು ಸಿಕ್ಕೇ ಬಿಡುತ್ತದೆ’ ಎಂಬ ತವಕ ಹುಟ್ಟುವ ನರಜಾಲ ಇದು. ಗೋಡೆಯ ಗುರುತಿನಿಂದ ಮುಂದಿನ ಬಾಗಿಲಿಗೆ ಓಡುವ ಆಟಗಾರನಿಗೂ, ಅಮಾವಾಸ್ಯೆಯ ರಾತ್ರಿ ಹಾಳುಗುಡಿಯಲ್ಲಿ ಗುದ್ದಲಿ ಹಿಡಿದವನಿಗೂ ಮಿದುಳು ಒಂದೇ. ಸಿಗದೇ ಹೋದರೂ ಹುಡುಕಾಟ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಈಗ ನದಿಯ ಜೊತೆ ನಡೆಯೋಣ. ಆಳಂದ ತಾಲ್ಲೂಕಿನಲ್ಲಿ ಹರಿಯುವ ಅಮರ್ಜಾ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಅಂಚನ್ನು ಸವರಿಕೊಂಡು ಪೂರ್ವಕ್ಕೆ ಹೋಗುತ್ತದೆ. ಆಳಂದ, ಅಫಜಲಪುರದ ನೆಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ದಖನ್ ಲಾವಾದ ಕರಿಕಲ್ಲು. ಆ ಕಲ್ಲು ಶಿಥಿಲವಾಗಿಯೇ ತೊಗರಿ, ಜೋಳ ಬೆಳೆಯುವ ಎರೆಭೂಮಿ ಹುಟ್ಟಿದೆ. ಜೇವರ್ಗಿ ದಾಟಿ ಪೂರ್ವಕ್ಕೆ ಸರಿದಂತೆ ಲಾವಾ ತೆಳುವಾಗಿ, ಅದಕ್ಕಿಂತ ಎಷ್ಟೋ ಪಟ್ಟು ಹಳೆಯ ಸುಣ್ಣದಕಲ್ಲು ಮೇಲೆ ಬರುತ್ತದೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಪರಸಿ ಅದೇ. ನುಣುಪಾದ ಈ ಕಲ್ಲು ಪದರ ಪದರವಾಗಿ ಏಳುತ್ತದೆ, ಉಳಿಗೂ ಒಲಿಯುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಭೀಮೆಯ ದಂಡೆಯ ಶಿಲ್ಪಿಗಳು ಅದರ ಮೇಲೆಯೇ ಬುದ್ಧನ ಕಥೆಗಳನ್ನು, ಶಾತವಾಹನ ಅರಸರನ್ನು ಕಡೆದರು.

ಚಿತ್ತಾಪುರ ಸೀಮೆಯ ಸನ್ನತಿಯಲ್ಲಿ ಅವರ ಕೆಲಸ ಇದೆ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಒಡೆದುಹೋಯಿತು. ಅದರ ಪೀಠವಾಗಿದ್ದ ಕಲ್ಲುಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳಿದ್ದವು. ಅದು ಅಶೋಕನ ಶಾಸನ. 12 ಮತ್ತು 14ನೆಯ ಬಂಡೆ ಶಾಸನಗಳ ಜೊತೆಗೆ, ಮುಖ್ಯವಾಗಿ ಕಳಿಂಗ ದೇಶಕ್ಕೆಂದು ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳ ಪಾಠವೂ ಅದರ ಮೇಲೆ ಇತ್ತು. ಮೂರ್ತಿ ಕೂಡಿಸಲು ಯಾರೋ ಅದೇ ಕಲ್ಲಿನಲ್ಲಿ ಚೌಕ ಗುಂಡಿ ಕೊರೆದಿದ್ದರು. ಕೊರೆದ ಜಾಗದ ಅಕ್ಷರಗಳು ಹೋದವು, ಉಳಿದವು ಪೂಜೆಯ ಕೆಳಗೆ ಸುರಕ್ಷಿತವಾಗಿ ಕೂತವು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ದೊಡ್ಡ ಸ್ತೂಪ ಎದ್ದಿತು. ರಾಣಿ, ಪರಿಚಾರಕಿಯರ ಜೊತೆ ನಿಂತ ಒಬ್ಬ ರಾಜನ ಕೆತ್ತನೆಯೂ, ಅದರ ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಶೋಕ’ ಎಂಬ ಬರಹವೂ ಸಿಕ್ಕಿತು. ಅಶೋಕನ ರೂಪಕ್ಕೆ ಅವನ ಹೆಸರೇ ಕೂಡಿಬಂದ ಪ್ರಾಚೀನ ಶಿಲ್ಪ ಇದು. ತೂಕಕ್ಕೆ ಹಾಕಿದರೆ ಸುಣ್ಣದಕಲ್ಲು, ಅಷ್ಟೇ. ಭಾರತದ ಇತಿಹಾಸಕ್ಕೆ ಮಾತ್ರ ಇಡೀ ಭೀಮಾತೀರದಲ್ಲಿ ಇದಕ್ಕಿಂತ ದೊಡ್ಡ ನಿಧಿ ಸಿಕ್ಕಿಲ್ಲ.

ಆಟದಲ್ಲಿ ಒಂದು ಸುಳಿವಿನಿಂದ ಇನ್ನೊಂದಕ್ಕೆ ದಾರಿ ಇರುವುದು, ವಿನ್ಯಾಸಕಾರ ಅದನ್ನು ಹಾಗೆ ಇಟ್ಟಿರುವುದರಿಂದ. ನೆಲದಲ್ಲಿ ಆ ಕೆಲಸ ಮಾಡುವುದು ಪದರ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಒಂದು ಮಡಕೆಯ ಚೂರು ಯಾವ ಬೂದಿಯ ಪಕ್ಕ, ಯಾವ ನಾಣ್ಯದ ಮಟ್ಟದಲ್ಲಿ ಸಿಕ್ಕಿತು ಎಂಬುದರಿಂದಲೇ ಅದರ ಕಾಲ ತಿಳಿಯುತ್ತದೆ. ಹೂತಿಟ್ಟ ನಾಣ್ಯದ ಗಡಿಗೆ ಸಿಕ್ಕರೆ ಅದರಲ್ಲಿರುವ ಎಲ್ಲಕ್ಕಿಂತ ಹೊಸ ನಾಣ್ಯವೇ ಸಾಕ್ಷಿ. ಗಡಿಗೆಯನ್ನು ಆ ನಾಣ್ಯ ಅಚ್ಚಾದ ಮೇಲೆಯೇ ಹೂತಿರಬೇಕು. ಗಡಿಗೆ ಒಡೆದು ನಾಣ್ಯ ಹಂಚಿಕೊಂಡ ಗಳಿಗೆಗೆ ಆ ಸಾಕ್ಷಿ ಸತ್ತುಹೋಗುತ್ತದೆ. ಆಮೇಲೆ ಎಷ್ಟೇ ನಾಣ್ಯ ಮರಳಿ ಸಿಕ್ಕರೂ ಅದು ಎದ್ದುಬರುವುದಿಲ್ಲ.

ಎರೆಮಣ್ಣು ಈ ಓದನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಬಗೆಯ ಜೇಡಿ ಹೆಚ್ಚು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಬಿರುಕು ಒಂದು ಮೀಟರಿಗೂ ಆಳ ಹೋಗುವುದುಂಟು. ಮೇಲಿನ ಮಣಿ, ಮಡಕೆಚೂರು ಆ ಬಿರುಕಿನಲ್ಲಿ ಜಾರಿ ತನ್ನದಲ್ಲದ ಹಳೆಯ ಪದರ ಸೇರುತ್ತದೆ. ಆಳದ ಕಲ್ಲು ನಿಧಾನವಾಗಿ ಮೇಲೇಳುತ್ತದೆ. ಈ ಭಾಗದಲ್ಲಿ ಕೆಲಸ ಮಾಡುವ ಪುರಾತತ್ವಜ್ಞರು ಒಂದು ವಸ್ತುವಿನ ಮಾತು ಕೇಳಿ ಕಾಲ ನಿರ್ಧರಿಸದೆ, ಹತ್ತಾರು ವಸ್ತುಗಳನ್ನು ಒಟ್ಟಿಗೆ ನೋಡುವುದು ಇದಕ್ಕೇ.

ಅಗೆಯದೆಯೇ ನೆಲದೊಳಗೆ ನೋಡುವ ಉಪಕರಣಗಳೂ ಈ ಮಣ್ಣಿನೆದುರು ಪೇಚಾಡುತ್ತವೆ. ನೆಲವ್ಯಾಪಿ ರೇಡಾರ್ ಕಳಿಸುವ ರೇಡಿಯೊ ತರಂಗ ಒಣ ಮರಳಿನಲ್ಲಿ ಹಲವು ಮೀಟರ್ ಇಳಿಯುತ್ತದೆ. ಹಸಿ ಎರೆಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ತರಂಗದ ಶಕ್ತಿ ಸ್ವಲ್ಪ ಆಳಕ್ಕೇ ಹೀರಿಹೋಗುತ್ತದೆ. ಕಾಂತಮಾಪಕ ಬೇರೆಡೆ ಸುಟ್ಟ ಇಟ್ಟಿಗೆ, ಒಲೆಯ ಗುರುತನ್ನು ಹಿಡಿಯುತ್ತದೆ. ಇಲ್ಲಿ ಕರಿಕಲ್ಲೇ ಕಾಂತೀಯವಾದದ್ದರಿಂದ ಆ ಸಣ್ಣ ಗುರುತು ಗದ್ದಲದಲ್ಲಿ ಮುಳುಗುತ್ತದೆ. ನಿಧಿಗಳ್ಳರು ತರುವ ಮೆಟಲ್ ಡಿಟೆಕ್ಟರ್ ಕೂಡ ಕಬ್ಬಿಣದ ಅಂಶ ತುಂಬಿದ ಈ ಮಣ್ಣಿಗೆ ಸುಳ್ಳೇ ಕೂಗುತ್ತದೆ. ಆ ಕೂಗನ್ನು ನಂಬಿ ಎಷ್ಟು ಗುಂಡಿ ಬಿದ್ದಿವೆಯೋ! ಇಲ್ಲಿ ವಿದ್ಯುತ್ ರೋಧದ ಅಳತೆ ಹೆಚ್ಚು ನಂಬಿಕಸ್ಥ. ಸಾಲಾಗಿ ಸರಳು ನೆಟ್ಟು ನೆಲಕ್ಕೆ ವಿದ್ಯುತ್ ಹರಿಸಿದರೆ ಜೇಡಿ ಸಲೀಸಾಗಿ ದಾರಿ ಬಿಡುತ್ತದೆ, ಹೂತ ಕಲ್ಲುಗೋಡೆ ತಡೆಯುತ್ತದೆ. ಅಳತೆಗಳನ್ನು ನಕ್ಷೆಗೆ ಇಳಿಸಿದರೆ ಗೋಡೆಯ ಗೆರೆ ಕಾಣುತ್ತದೆ.

ಲಿಂಗದ ಕೆಳಗೆ, ನಂದಿಯ ಹೊಟ್ಟೆಯಲ್ಲಿ, ಊರ ಹುಡೇವಿನ ಬುಡದಲ್ಲಿ ಕೊಪ್ಪರಿಗೆ ಹೊನ್ನಿದೆ ಎಂಬ ಮಾತು ಉತ್ತರ ಕರ್ನಾಟಕದ ಊರೂರಲ್ಲೂ ಇದೆ. ಅದರ ಬೇರು ಪೂರಾ ಸುಳ್ಳಲ್ಲ. ಗುಡಿ ಕಟ್ಟುವಾಗ ಗರ್ಭನ್ಯಾಸವೆಂದು ಧಾನ್ಯ, ಲೋಹದ ಚೂರು, ಹರಳುಗಳ ಚಿಕ್ಕ ಕರಂಡಕವನ್ನು ತಳದಲ್ಲಿ ಇಡುವ ವಿಧಿ ಆಗಮಗಳಲ್ಲಿದೆ. ಯುದ್ಧ ಬಂದಾಗ ಜನ ಹಣ ಹೂತದ್ದೂ ನಿಜ. ಇದೇ ಜಿಲ್ಲೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, 972ರಲ್ಲಿ ಪರಮಾರ ಸೀಯಕನ ಲೂಟಿಗೆ ಸಿಕ್ಕಿತ್ತು. ಆದರೆ ಗರ್ಭನ್ಯಾಸದಲ್ಲಿ ಸಿಗುವುದು ಚಿಟಿಕೆ ಲೋಹ. ಅದಕ್ಕಾಗಿ ಕಿತ್ತೆಸೆದ ಲಿಂಗ, ಸೀಳಿದ ನಂದಿ, ಮಗುಚಿದ ವೀರಗಲ್ಲುಗಳ ಜೊತೆ ಹೋಗುವುದು ಊರಿನ ಸಾವಿರ ವರ್ಷದ ದಾಖಲೆ. ಇದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

‘ಲಾಸ್ಟ್ ಲೆಗಸಿ’ಯ ಕೊನೆಯಲ್ಲಿ ದಂತವನ್ನು ಮಾರದೆ ಸರ್ಕಾರದ ಸಂಸ್ಕೃತಿ ಸಚಿವಾಲಯಕ್ಕೆ ಒಪ್ಪಿಸಲು ಕ್ಲೋಯಿ ತೀರ್ಮಾನಿಸುತ್ತಾಳೆ. ಅದು ಒಳ್ಳೆಯದೇ. ಅಷ್ಟರಲ್ಲಿ ಅವಳು ಹಾದುಬಂದ ಗೋಪುರ, ಮಂಟಪಗಳು ಉರುಳಿರುತ್ತವೆ ಎಂಬುದು ಮಾತ್ರ ನನ್ನನ್ನು ಕಾಡುತ್ತದೆ. ಅಗೆದರೆ ಅಂಕ ಕಳೆಯುವ, ಅಳೆದು ಬರೆದುಕೊಂಡರೆ ಬಾಗಿಲು ತೆರೆಯುವ ಕಥೆಯಾಟವೊಂದನ್ನು ಕಲಬುರಗಿಯ ಹುಡುಗರು ಭೀಮೆಯ ಗುಂಟ ಕಟ್ಟಬಹುದು. ಅಮರ್ಜಾದ ಕರಿಕಲ್ಲಿನಿಂದ ಸನ್ನತಿಯ ಪರಸಿವರೆಗೆ ಕಲ್ಲಿನ ಬಣ್ಣವೇ ಅದಕ್ಕೆ ದಾರಿತೋರುಕ.

ಆಟದ ಹೊರಗೆ, ಅಫಜಲಪುರದ ಹೊಲದಲ್ಲಿ ನಾಳೆ ನೇಗಿಲಿಗೆ ಗಡಿಗೆಯೊಂದು ತಗುಲಿದರೆ ಏನು ಮಾಡಬೇಕು? 1878ರಿಂದಲೂ ದೇಶದಲ್ಲಿ ನಿಧಿ ಕಾಯ್ದೆಯಿದೆ, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯಿದೆ. ಸಿಕ್ಕದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಅಧಿಕಾರಿಗಳು ಬರುವವರೆಗೆ ಗಡಿಗೆಯನ್ನು ಎತ್ತಬಾರದು, ಪಕ್ಕಕ್ಕೆ ಒಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು. ಒಳಗಿನ ಮಣ್ಣನ್ನು ಚೆಲ್ಲಬಾರದು, ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬಾರದು. ತಾಮ್ರಕ್ಕೆ ಹಿಡಿದ ಹಸಿರು ಕಿಲುಬಿನಲ್ಲಿ, ನಾಣ್ಯ ಸುತ್ತಿಟ್ಟಿದ್ದ ಬಟ್ಟೆಯ ನೆಯ್ಗೆ ಕೆಲವೊಮ್ಮೆ ಎಳೆ ಎಳೆಯಾಗಿ ಉಳಿದಿರುತ್ತದೆ. ಬಟ್ಟೆ ಕೊಳೆತು ಶತಮಾನಗಳು ಕಳೆದರೂ ಅದು ಹತ್ತಿಯೋ ರೇಷ್ಮೆಯೋ ಎಂಬುದನ್ನು ಸೂಕ್ಷ್ಮದರ್ಶಕ ಆ ಕಿಲುಬಿನಿಂದ ಹೇಳಬಲ್ಲದು.