ಉರುಳಿದ ನಿಲ್ದಾಣ, ಉಳಿದ ನಿಲ್ದಾಣ

ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳುವ ಪಾಠವನ್ನು ನ್ಯೂಯಾರ್ಕ್ ನಗರ ಒಂದು ರೈಲು ನಿಲ್ದಾಣವನ್ನು ಕಳೆದುಕೊಂಡು ಕಲಿಯಿತು.

ಅಲ್ಲಿನ ಪೆನ್ಸಿಲ್ವೇನಿಯಾ ನಿಲ್ದಾಣ ಆರಂಭವಾದದ್ದು 1910ರಲ್ಲಿ. ಪ್ರಾಚೀನ ರೋಮಿನ ಸ್ನಾನಗೃಹಗಳ ಮಾದರಿಯ ಭವ್ಯ ಕಟ್ಟಡ ಅದು. ಕಾರು, ವಿಮಾನಗಳು ಹೆಚ್ಚಿದಂತೆ ರೈಲು ಕಂಪನಿ ನಷ್ಟಕ್ಕೆ ಸಿಲುಕಿತು. 1963ರಲ್ಲಿ ನಿಲ್ದಾಣವನ್ನು ಕೆಡವುವ ಕೆಲಸ ಶುರುವಾಯಿತು. ಜನ ಪ್ರತಿಭಟಿಸಿದರು, ಆದರೆ ಅದನ್ನು ತಡೆಯುವ ಕಾನೂನೇ ಇರಲಿಲ್ಲ. ಕಾನೂನು ಬಂದದ್ದು 1965ರಲ್ಲಿ.

ಆ ಕಾನೂನು ಇನ್ನೊಂದು ನಿಲ್ದಾಣವನ್ನು ಕಾಪಾಡಿತು. 1913ರ ಗ್ರ್ಯಾಂಡ್ ಸೆಂಟ್ರಲ್ ಮೇಲೆ ಗಗನಚುಂಬಿ ಕಟ್ಟಡ ಎಬ್ಬಿಸಲು ಅದರ ಮಾಲೀಕ ಕಂಪನಿ ಹೊರಟಿತು. ನಗರಾಡಳಿತ ಒಪ್ಪಲಿಲ್ಲ. 'ನಮ್ಮ ಆಸ್ತಿ, ನಮ್ಮ ನಷ್ಟವನ್ನು ತುಂಬಿಕೊಡುವವರು ಯಾರು?' ಎಂಬುದು ಕಂಪನಿಯ ವಾದ. ನಿಲ್ದಾಣವನ್ನು ಇದ್ದಂತೆಯೇ ಬಳಸಿ ಆದಾಯ ಪಡೆಯಬಹುದಲ್ಲ ಎಂದ ಅಮೆರಿಕದ ಸುಪ್ರೀಂ ಕೋರ್ಟ್, 1978ರಲ್ಲಿ ನಗರದ ಪರ ತೀರ್ಪಿತ್ತಿತು.

ಗ್ರ್ಯಾಂಡ್ ಸೆಂಟ್ರಲ್‌ನ ಚಾವಣಿಯಲ್ಲಿ ನಕ್ಷತ್ರಪುಂಜಗಳ ಚಿತ್ರವಿದೆ. 1990ರ ದಶಕದಲ್ಲಿ ಅದರ ಮಸಿಯನ್ನು ತೊಳೆದಾಗ ಒಂದು ಪುಟ್ಟ ಭಾಗವನ್ನು ಕಪ್ಪಾಗಿಯೇ ಬಿಟ್ಟರು. ಪ್ರಯೋಗಶಾಲೆಯಲ್ಲಿ ಒಂದು ಪ್ರನಾಳವನ್ನು ಹೋಲಿಕೆಗೆಂದು ಹಾಗೆಯೇ ಇಡುತ್ತೇವಲ್ಲ, ಹಾಗೆ!

ಮಕ್ಕಳೇ, ನಿಮ್ಮೂರಿನ ರೈಲು ನಿಲ್ದಾಣ ಯಾವ ವರ್ಷದ್ದು? ಕಟ್ಟಿದ್ದು ಯಾವ ಕಲ್ಲಿನಿಂದ? ರಜೆಯಲ್ಲಿ ಅಪ್ಪ ಅಮ್ಮನೊಡನೆ ಹೋಗಿ ನೋಡಿ, ಹಿರಿಯರನ್ನು ಕೇಳಿ, ಬರೆದಿಡಿ. ಕಾನೂನು ಕಾಯುವುದು ಪಟ್ಟಿಯಲ್ಲಿರುವ ಕಟ್ಟಡವನ್ನು. ಅದು ಪಟ್ಟಿಗೆ ಸೇರಬೇಕಾದರೆ ಅದರ ಕಥೆ ಮೊದಲು ಯಾರಿಗಾದರೂ ಗೊತ್ತಿರಬೇಕು.