ಬಿಗ್ ಬ್ಯಾಂಗ್‌ನಲ್ಲಿ ಅಡಗಿರುವ ಅಲಂಕಾರಗಳು

‘ಫಿಗರ್ಸ್ ಆಫ್ ಸ್ಪೀಚ್’ ಎಂದೊಡನೆ ಬಹಳಷ್ಟು ವಿದ್ಯಾರ್ಥಿಗಳಿಗೆ ನೆನಪಾಗುವುದು ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಒಂದು ಅಂಕ. ಅದು ಪದ್ಯಗಳಿಗಷ್ಟೇ ಸೇರಿದ್ದು, ವ್ಯಾಖ್ಯೆ ಉರು ಹೊಡೆದರೆ ಸಾಕು ಎಂಬ ಭಾವನೆ. ಆದರೆ ಈ ಅಲಂಕಾರಗಳು ವಿಜ್ಞಾನದ ಪುಸ್ತಕದಲ್ಲೂ ತುಂಬಿವೆ. ಅಲ್ಲಿ ಅವನ್ನು ಗುರುತಿಸದಿದ್ದರೆ ಪಾಠದ ಅರ್ಥವೇ ತಪ್ಪಿಹೋಗುತ್ತದೆ.

ಕನ್ನಡ ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ ಇವು ಉಪಮಾಲಂಕಾರದ ನಾಲ್ಕು ಅಂಗಗಳು. ನಮ್ಮ ‘ಅಂತೆ’, ‘ಹಾಗೆ’ಗಳ ಸ್ಥಾನದಲ್ಲಿ ‘ಲೈಕ್’ ಅಥವಾ ‘ಆ್ಯಸ್’ ಬಂದರೆ ಅದು ಸಿಮಿಲಿ. ವಾಚಕ ಪದವಿಲ್ಲದೆ ಎರಡೂ ಒಂದೇ ಎಂದುಬಿಟ್ಟರೆ ಮೆಟಫರ್, ಅಂದರೆ ನಮ್ಮ ರೂಪಕ.

ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಪ್ರಕಟವಾದ ತಮ್ಮ ‘ಮೈಕ್ರೋಗ್ರಾಫಿಯ’ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಡಿ ಕಂಡ ಕಾರ್ಕಿನ ಪುಟ್ಟ ಗೂಡುಗಳನ್ನು ಜೇನುಹುಟ್ಟಿಗೆ ಹೋಲಿಸಿ ‘ಸೆಲ್’ ಎಂದು ಕರೆದರು. ಸೆಲ್ ಎಂದರೆ ಚಿಕ್ಕ ಕೋಣೆ. ಹೋಲಿಕೆಯಾಗಿ ಬಂದದ್ದು ಹೆಸರಾಗಿಯೇ ಉಳಿಯಿತು. ಆದರೆ ಅವರು ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನು. ಜೀವಂತ ಕೋಶ ಖಾಲಿ ಕೋಣೆಯಲ್ಲ. ಒಳಗೊಂದು ದೊಡ್ಡ ಸಂಸಾರವೇ ಇದೆ. ‘ಕೋಶ’ಕ್ಕೆ ಭಂಡಾರ ಎಂಬ ಅರ್ಥವೂ ಇರುವುದರಿಂದ ಇಲ್ಲಿ ನಮ್ಮ ಪದವೇ ಹೆಚ್ಚು ಹೊಂದುತ್ತದೆ.

ಇನ್ನು ‘ಬಿಗ್ ಬ್ಯಾಂಗ್’. 1949ರಲ್ಲಿ ಬಿಬಿಸಿ ರೇಡಿಯೋ ಭಾಷಣವೊಂದರಲ್ಲಿ ವಿಶ್ವದ ಉಗಮಕ್ಕೆ ಈ ಮಾತನ್ನು ಬಳಸಿದವರು ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್. ಸ್ವಾರಸ್ಯವೆಂದರೆ ಆ ಸಿದ್ಧಾಂತವನ್ನು ಅವರು ಒಪ್ಪಿದವರೇ ಅಲ್ಲ! ಈ ಎರಡೇ ಪದಗಳಲ್ಲಿ ಮೂರು ಅಲಂಕಾರಗಳಿವೆ. ಎರಡೂ ಪದಗಳು ‘ಬ’ಕಾರದಿಂದ ಆರಂಭವಾಗುವುದು ಅಲಿಟರೇಷನ್, ನಮ್ಮ ಅನುಪ್ರಾಸದ ಬಗೆ. ‘ಬ್ಯಾಂಗ್’ ಎಂಬುದು ‘ಢಂ’ ಎನ್ನುವಂಥ ಅನುಕರಣ ಪದ. ಸ್ಫೋಟದ ಚಿತ್ರ ರೂಪಕ. 1993ರಲ್ಲಿ ಅಮೆರಿಕದ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆ ಬದಲಿ ಹೆಸರಿಗಾಗಿ ಸ್ಪರ್ಧೆ ನಡೆಸಿತು. 13 ಸಾವಿರಕ್ಕೂ ಹೆಚ್ಚು ಸಲಹೆಗಳು ಬಂದರೂ ತೀರ್ಪುಗಾರರಿಗೆ ಒಂದೂ ಒಪ್ಪಿಗೆಯಾಗಲಿಲ್ಲ.

ತೊಂದರೆಯಿರುವುದು ರೂಪಕದಲ್ಲಿ. ಖಾಲಿ ಜಾಗದ ನಡುವೆ ಬಾಂಬು ಸಿಡಿದಂತೆ ಮಕ್ಕಳು ಕಲ್ಪಿಸಿಕೊಳ್ಳುತ್ತಾರೆ. ವಾಸ್ತವವಾಗಿ ಹಿಗ್ಗಿದ್ದು ಆ ಜಾಗವೇ, ಅದಕ್ಕೊಂದು ಕೇಂದ್ರವಿಲ್ಲ. ‘ಮಹಾಸ್ಫೋಟ’ ಎಂದು ಕನ್ನಡಕ್ಕೆ ಬಂದಾಗ ಅನುಪ್ರಾಸ ಹೋಯಿತು, ಬಾಂಬು ಮಾತ್ರ ಉಳಿಯಿತು.

ಆದ್ದರಿಂದ ಇಂಥ ಮಾತು ಎದುರಾದಾಗಲೆಲ್ಲ ವಿದ್ಯಾರ್ಥಿಗಳು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇಲ್ಲಿ ಸಮಾನ ಧರ್ಮ ಯಾವುದು? ಹೋಲಿಕೆ ಎಲ್ಲಿಗೆ ನಿಲ್ಲುತ್ತದೆ? ‘ವಿದ್ಯುತ್ತು ನೀರಿನಂತೆ ಹರಿಯುತ್ತದೆ’ ಎಂಬಲ್ಲಿ ಹರಿವು ಸಮಾನ ಧರ್ಮ. ಆದರೆ ಕೊಳವೆ ಒಡೆದರೆ ನೀರು ಸೋರುತ್ತದೆ. ತಂತಿ ತುಂಡಾದರೆ ವಿದ್ಯುತ್ತು ಸೋರುವುದಿಲ್ಲ, ಹರಿವೇ ನಿಲ್ಲುತ್ತದೆ. ಪೋಷಕರೂ ‘ವ್ಯಾಖ್ಯೆ ಒಪ್ಪಿಸು’ ಎನ್ನುವ ಬದಲು ಇವೇ ಪ್ರಶ್ನೆಗಳನ್ನು ಕೇಳಬಹುದು. ಅದಕ್ಕೆ ಇಂಗ್ಲಿಷ್ ಬಲ್ಲವರೇ ಆಗಿರಬೇಕೆಂದೇನೂ ಇಲ್ಲ.