ಬೀಗ ಹಾಕಿದ ಫೋಲ್ಡರ್‌ನಲ್ಲಿ ಜಾಗ ಅಡಗಿಲ್ಲ

ಸ್ಟೋರೇಜ್ ಫುಲ್ ಎಂಬ ಸೂಚನೆ ಬರುವುದೇ ಅವಸರದ ಹೊತ್ತಿನಲ್ಲಿ. ಮದುವೆ ಮನೆಯಲ್ಲಿ ಧಾರೆ ನಡೆಯುತ್ತಿರುವಾಗ ಕ್ಯಾಮೆರಾ ನಿಲ್ಲುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹಾಲ್ ಟಿಕೆಟ್ ಡೌನ್‌ಲೋಡ್ ಆಗುವುದಿಲ್ಲ. ಆಗ ನಾವು ಫೈಲ್ ಮ್ಯಾನೇಜರ್ ತೆರೆದು, ಅರ್ಥವಾಗದ ಹೆಸರಿನ ಫೋಲ್ಡರ್‌ಗಳನ್ನೆಲ್ಲ ಅನುಮಾನದಿಂದ ನೋಡಲು ಶುರುಮಾಡುತ್ತೇವೆ. ಪಕ್ಕದಲ್ಲಿದ್ದವರು ಒಂದು ಹೇಳುತ್ತಾರೆ, ಮೊಬೈಲ್ ಅಂಗಡಿಯವರು ಇನ್ನೊಂದು, ಯೂಟ್ಯೂಬ್‌ನವರು ಮತ್ತೊಂದು. ಇವುಗಳಲ್ಲಿ ಹಲವನ್ನು ನಾವೂ ವರ್ಷಗಟ್ಟಲೆ ನಂಬಿದ್ದೆವು. ಹಳೆಯ ಫೋನ್‌ಗಳ ಕಾಲಕ್ಕೆ ಕೆಲವು ನಿಜವೂ ಆಗಿದ್ದವು. ಇಂದಿನ ಆಂಡ್ರಾಯ್ಡ್ ಫೋನಿಗೆ ಅವು ಹೊಂದುವುದಿಲ್ಲ. ಹೊಂದುವುದಿಲ್ಲ ಎಂದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅವನ್ನು ನಂಬಿ ಅಳಿಸಿದವರ ಮಕ್ಕಳ ಫೋಟೊ, ತೀರಿಕೊಂಡ ಹಿರಿಯರ ಧ್ವನಿಯ ವಾಯ್ಸ್ ಮೆಸೇಜ್ ಮತ್ತೆ ಸಿಗುವುದಿಲ್ಲ.

ತಪ್ಪು ಕಲ್ಪನೆ: ಆಂಡ್ರಾಯ್ಡ್ ಎಂಬ ಫೋಲ್ಡರಿನೊಳಗೆ ಕಾಮ್ ಎಂದು ಶುರುವಾಗುವ ವಿಚಿತ್ರ ಹೆಸರುಗಳಿದ್ದರೆ ಅದು ವೈರಸ್. ಅಳಿಸಿದರೆ ಫೋನ್ ಹಗುರಾಗುತ್ತದೆ.

ವಾಸ್ತವ: ಆ ಫೋಲ್ಡರನ್ನು ಒಮ್ಮೆ ತೆರೆದೇ ನೋಡೋಣ. ಒಳಗೆ ಸಾಮಾನ್ಯವಾಗಿ ಮೂರು ಫೋಲ್ಡರ್‌ಗಳಿರುತ್ತವೆ: ಡೇಟಾ, ಮೀಡಿಯಾ, ಒಬಿಬಿ. ಮೀಡಿಯಾ ಒತ್ತಿದರೆ ಕಾಮ್ ಡಾಟ್ ವಾಟ್ಸಾಪ್ ಎಂಬ ಇನ್ನೊಂದು ಕಾಣುತ್ತದೆ. ಅದು ವೈರಸ್ ಅಲ್ಲ, ನಾವು ದಿನವೂ ಬಳಸುವ ವಾಟ್ಸಾಪೇ. ಒಂದು ಆ್ಯಪ್‌ಗೂ ಇನ್ನೊಂದಕ್ಕೂ ಗೊಂದಲವಾಗಬಾರದೆಂದು, ಜಾಲತಾಣದ ವಿಳಾಸವನ್ನು ಹಿಂದುಮುಂದಾಗಿ ಬರೆದಂಥ ಒಂದು ಹೆಸರನ್ನು ಪ್ರತಿ ಆ್ಯಪ್‌ಗೂ ಕೊಟ್ಟಿರುತ್ತಾರೆ. ಹೆಸರನ್ನು ನಿಧಾನವಾಗಿ ಓದಿದರೆ ಅದು ಯಾರ ಫೋಲ್ಡರ್ ಎಂದು ಬಹುಮಟ್ಟಿಗೆ ತಿಳಿಯುತ್ತದೆ.

ಒಬಿಬಿಯಲ್ಲಿ ದೊಡ್ಡ ಆಟಗಳ ಚಿತ್ರ, ಧ್ವನಿಗಳ ಕಡತವಿರುತ್ತದೆ. ಅಳಿಸಿದರೆ ಆಟ ತೆರೆಯುವುದಿಲ್ಲ, ಇಲ್ಲವೇ ಅಷ್ಟನ್ನೂ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳುತ್ತದೆ. ಮೀಡಿಯಾ ಇನ್ನೂ ಸೂಕ್ಷ್ಮ. ವಾಟ್ಸಾಪ್‌ನ ಫೋಟೊ, ವಿಡಿಯೊಗಳ ಜೊತೆಗೆ ಫೋನಿನೊಳಗಿನ ಚಾಟ್ ಬ್ಯಾಕಪ್ ಕೂಡ ಈಗ ಇರುವುದು ಅಲ್ಲಿಯೇ. ಒಂದು ಆ್ಯಪ್ ಬೇಡವೆನಿಸಿದರೆ ಅದರ ಫೋಲ್ಡರ್ ಅಳಿಸುವುದಲ್ಲ, ಆ್ಯಪನ್ನೇ ಅನ್‌ಇನ್‌ಸ್ಟಾಲ್ ಮಾಡಬೇಕು. ಅದರ ಸಾಮಾನು ಸಾಮಾನ್ಯವಾಗಿ ಅದರೊಂದಿಗೇ ಹೋಗುತ್ತದೆ.

ಕೆಟ್ಟ ಆ್ಯಪ್‌ಗಳು ಇಲ್ಲವೆಂದಲ್ಲ. ಅವು ಬರುವ ದಾರಿ ಬೇರೆ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಎಂಬ ಆ್ಯಪ್ ಕಡತವನ್ನು ನಾವೇ ಒತ್ತಿ ಇನ್‌ಸ್ಟಾಲ್ ಮಾಡಿಕೊಂಡಾಗ ಬರುತ್ತವೆ. ಕರೆಯೋಲೆ ಚಿತ್ರವಾಗಿರುತ್ತದೆ ಅಥವಾ ಪಿಡಿಎಫ್ ಆಗಿರುತ್ತದೆ, ಎಪಿಕೆ ಆಗಿರಲು ಕಾರಣವೇ ಇಲ್ಲ. ಅನುಮಾನಪಡಬೇಕಾದದ್ದು ಅಲ್ಲಿ.

ತಪ್ಪು ಕಲ್ಪನೆ: ಡೇಟಾ ಫೋಲ್ಡರ್ ತೆರೆಯಲು ಬಿಡದಿರುವುದು ಕಂಪನಿಯವರ ತಂತ್ರ. ನಮ್ಮ ಜಾಗವನ್ನೆಲ್ಲ ಅಲ್ಲಿ ಬಚ್ಚಿಟ್ಟಿದ್ದಾರೆ.

ವಾಸ್ತವ: ಈ ಬೀಗ ಮೊದಲು ಇರಲಿಲ್ಲ, ಆದ್ದರಿಂದಲೇ ಅನುಮಾನ ಸಹಜ. 2019ರ ಆಂಡ್ರಾಯ್ಡ್ 10ರಲ್ಲಿ ಈ ವ್ಯವಸ್ಥೆ ಶುರುವಾಯಿತು, 2020ರ ಆಂಡ್ರಾಯ್ಡ್ 11ರಲ್ಲಿ ಬಿಗಿಯಾಯಿತು. ಅದಕ್ಕೂ ಮೊದಲಿನ ಸ್ಥಿತಿ ನೆನಪಿಸಿಕೊಳ್ಳಿ. ಒಂದು ಟಾರ್ಚ್ ಆ್ಯಪ್ ಸ್ಟೋರೇಜ್ ಅನುಮತಿ ಕೇಳುತ್ತಿತ್ತು, ನಾವು ಯೋಚಿಸದೆ ಅಲೋ ಒತ್ತುತ್ತಿದ್ದೆವು. ಆ ಒಂದು ಒತ್ತಿಗೆ ಆಧಾರ್ ಕಾರ್ಡಿನ ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ವಾಟ್ಸಾಪ್‌ನಲ್ಲಿ ಬಂದ ಪಹಣಿ ಎಲ್ಲವನ್ನೂ ಆ ಆ್ಯಪ್ ಓದಬಹುದಿತ್ತು. ಬೆಳಕು ಬಿಡುವ ಆ್ಯಪ್‌ಗೆ ಪಹಣಿ ಏಕೆ ಬೇಕು?

ಈಗ ಒಂದು ಆ್ಯಪ್‌ನ ಡೇಟಾ ಫೋಲ್ಡರನ್ನು ಇನ್ನೊಂದು ಆ್ಯಪ್ ನೋಡುವಂತಿಲ್ಲ. ಫೈಲ್ ಮ್ಯಾನೇಜರ್ ಕೂಡ ಒಂದು ಆ್ಯಪ್ ತಾನೆ. ಅದಕ್ಕೂ ಅದೇ ನಿಯಮ. ಹಾಗಾಗಿಯೇ ಕೆಲವು ಫೋನ್‌ಗಳಲ್ಲಿ ಡೇಟಾ ಖಾಲಿಯಾಗಿ ಕಾಣುತ್ತದೆ, ಕೆಲವದರಲ್ಲಿ ಖಾಸಗಿತನದ ರಕ್ಷಣೆಗಾಗಿ ಬೇರೆ ಫೋಲ್ಡರ್ ಆರಿಸಿ ಎಂಬ ಸೂಚನೆ ಬರುತ್ತದೆ. ಬಾಗಿಲು ಮುಚ್ಚಿರುವುದು ನಮಗಲ್ಲ, ಉಳಿದ ಆ್ಯಪ್‌ಗಳಿಗೆ.

ಬಚ್ಚಿಟ್ಟಿದ್ದಾರೆ ಎಂಬುದಂತೂ ನಿಲ್ಲುವ ಮಾತಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ, ಯಾವುದಾದರೂ ಆ್ಯಪ್‌ನ ಸ್ಟೋರೇಜ್ ಒತ್ತಿ. ಆ್ಯಪ್‌ನ ಗಾತ್ರ ಎಷ್ಟು, ಅದರ ಡೇಟಾ ಎಷ್ಟು, ಕ್ಯಾಶ್ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿರುತ್ತದೆ. ಒಳಗಿನದನ್ನು ಕಾಣಲು ಬಿಡದಿದ್ದರೂ ಲೆಕ್ಕವನ್ನು ಮುಚ್ಚಿಟ್ಟಿಲ್ಲ.

ಒಂದು ಎಚ್ಚರಿಕೆ: ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿದಾಗ ಹಲವು ಫೋನ್‌ಗಳಲ್ಲಿ ಈ ಫೋಲ್ಡರ್‌ಗಳು ಕಾಣಿಸಿಕೊಳ್ಳುತ್ತವೆ. ಕಂಡವೆಂದು ಅಳಿಸಬೇಡಿ. ಹಾಗೆ ಅಳಿಸಿದ್ದು ಕಂಪ್ಯೂಟರಿನ ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ.

ತಪ್ಪು ಕಲ್ಪನೆ: 128 ಜಿಬಿ ಎಂದು ಮಾರಿ ಕಡಿಮೆ ಕೊಡುತ್ತಾರೆ. ಸಿಸ್ಟಮ್ ನುಂಗಿದ ಜಾಗವನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಅಥವಾ ರೂಟ್ ಮಾಡಿಸಿ ಹಿಂದಕ್ಕೆ ಪಡೆಯಬಹುದು.

ವಾಸ್ತವ: ಇದರಲ್ಲಿ ಒಂದು ಭಾಗ ಬರಿಯ ಎಣಿಕೆಯ ವ್ಯತ್ಯಾಸ. ತಯಾರಕರು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. 1024ರ ಲೆಕ್ಕದಲ್ಲಿ ಎಣಿಸುವ ಕಂಪ್ಯೂಟರ್ ಅದೇ 128ನ್ನು ಸುಮಾರು 119 ಎಂದು ತೋರಿಸುತ್ತದೆ. ಇನ್ನೊಂದು ಭಾಗ ಆಂಡ್ರಾಯ್ಡ್ ಮತ್ತು ತಯಾರಕರ ಆ್ಯಪ್‌ಗಳು ಕುಳಿತಿರುವ ಸಿಸ್ಟಮ್ ವಿಭಾಗ. ಅದು ಓದಲಷ್ಟೇ ಇರುವ ವಿಭಾಗ. ರೀಸೆಟ್ ಅದನ್ನು ಮುಟ್ಟುವುದಿಲ್ಲ, ನಮ್ಮ ಕಡತಗಳನ್ನು ಮಾತ್ರ ಒರೆಸುತ್ತದೆ. ತಯಾರಕರು ನಮಗೆ ಬೇಡದ ಆ್ಯಪ್‌ಗಳನ್ನು ತುಂಬಿ ಕಳಿಸುತ್ತಾರೆ ಎಂಬ ದೂರು ಮಾತ್ರ ನ್ಯಾಯವಾದದ್ದೇ. ಅಂಥವುಗಳಲ್ಲಿ ಅನ್‌ಇನ್‌ಸ್ಟಾಲ್ ಆಗುವಷ್ಟನ್ನು ತೆಗೆಯಬಹುದು, ಉಳಿದವನ್ನು ಡಿಸೇಬಲ್ ಮಾಡಬಹುದು.

ರೂಟ್ ಮಾಡಲು, ಅಂದರೆ ಸಿಸ್ಟಮ್ ವಿಭಾಗದ ಮೇಲೂ ಅಧಿಕಾರ ಪಡೆಯಲು, ಮೊದಲು ಫೋನನ್ನು ಶುರುಮಾಡುವ ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಅದನ್ನು ಮಾಡಿದ ಕ್ಷಣ ಫೋನಿನಲ್ಲಿರುವ ನಮ್ಮದೆಲ್ಲ ಅಳಿಯುತ್ತದೆ. ಆಮೇಲೆ ಹಲವು ಬ್ಯಾಂಕ್, ಯುಪಿಐ ಆ್ಯಪ್‌ಗಳು ಅಂಥ ಫೋನಿನಲ್ಲಿ ಕೆಲಸ ಮಾಡಲು ಒಪ್ಪುವುದಿಲ್ಲ. ಕೆಲವು ಜಿಬಿ ಜಾಗಕ್ಕೆ ಇದು ತೆರಬೇಕಾದ ಬೆಲೆಯಲ್ಲ.

ತಪ್ಪು ಕಲ್ಪನೆ: ಕ್ಲಿಯರ್ ಕ್ಯಾಶ್, ಕ್ಲಿಯರ್ ಡೇಟಾ ಎರಡೂ ಒಂದೇ. ಎರಡನ್ನೂ ಒತ್ತಿದರೆ ಆ್ಯಪ್ ಚುರುಕಾಗುತ್ತದೆ.

ವಾಸ್ತವ: ಒಂದರ ಪಕ್ಕ ಒಂದಿದ್ದರೂ ಎರಡರ ಕೆಲಸ ತೀರ ಬೇರೆ. ಕ್ಯಾಶ್ ಎಂದರೆ ಮತ್ತೆ ತರಿಸಿಕೊಳ್ಳಬಹುದಾದ ತಾತ್ಕಾಲಿಕ ಕಡತ. ತೆಗೆದರೆ ನಷ್ಟವಿಲ್ಲ, ದೊಡ್ಡ ಲಾಭವೂ ಇಲ್ಲ, ಏಕೆಂದರೆ ಬಳಸಿದಂತೆಲ್ಲ ಮತ್ತೆ ತುಂಬುತ್ತದೆ. ಜಾಗ ಕಡಿಮೆಯಾದಾಗ ಆಂಡ್ರಾಯ್ಡ್ ತಾನೇ ಹಳೆಯ ಕ್ಯಾಶ್ ಅಳಿಸುತ್ತದೆ. ಕ್ಲಿಯರ್ ಡೇಟಾ ಒತ್ತಿದರೆ ಆ್ಯಪ್ ಹೊಸದಾಗಿ ಇನ್‌ಸ್ಟಾಲ್ ಮಾಡಿದಂತೆ ಆಗಿಬಿಡುತ್ತದೆ. ಲಾಗಿನ್ ಹೋಗುತ್ತದೆ, ಯುಪಿಐ ಆ್ಯಪ್‌ನಲ್ಲಿ ಎಸ್‌ಎಂಎಸ್ ಕಳಿಸಿ ಮತ್ತೆ ನೋಂದಾಯಿಸಿಕೊಳ್ಳಬೇಕು, ಫೋನಿನಲ್ಲಷ್ಟೇ ಬರೆದಿಟ್ಟ ನೋಟ್ಸ್ ಹೋಗುತ್ತವೆ. ಕೆಲವು ಫೋನ್‌ಗಳಲ್ಲಿ ಇದರ ಹೆಸರು ಕ್ಲಿಯರ್ ಸ್ಟೋರೇಜ್ ಎಂದಿರುತ್ತದೆ. ಹೆಸರು ಕೇಳಿ ಮೋಸಹೋಗಬಾರದು.

ತಪ್ಪು ಕಲ್ಪನೆ: ಒಳ್ಳೆಯ ಕ್ಲೀನರ್ ಆ್ಯಪ್ ಒಂದಿದ್ದರೆ ಫೋನ್ ಸದಾ ಚೊಕ್ಕಟ.

ವಾಸ್ತವ: ಬೀಗ ಬಿದ್ದ ಮೇಲೆ ಕ್ಲೀನರ್ ಆ್ಯಪ್‌ಗೂ ಬೇರೆ ಆ್ಯಪ್‌ಗಳ ಒಳಗೆ ಪ್ರವೇಶವಿಲ್ಲ. ಇಷ್ಟು ಜಿಬಿ ಕಸ ಸಿಕ್ಕಿತು ಎಂದು ತೆರೆಯ ಮೇಲೆ ಓಡುವ ಅಂಕಿಗಳಿಗೆ ಬಹುಪಾಲು ಆಧಾರವೇ ಇರುವುದಿಲ್ಲ. ಬೂಸ್ಟ್ ಎಂದು ಒತ್ತಿದಾಗ ನಿಲ್ಲುವ ಆ್ಯಪ್‌ಗಳು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಏಳುತ್ತವೆ, ಅದಕ್ಕೆ ಬ್ಯಾಟರಿಯೇ ಹೆಚ್ಚು ಖರ್ಚು. ಒಂದು ಕಾಲಕ್ಕೆ ಮನೆಮನೆಯ ಫೋನಿನಲ್ಲಿದ್ದ ಕ್ಲೀನ್ ಮಾಸ್ಟರ್, ಇಎಸ್ ಫೈಲ್ ಎಕ್ಸ್‌ಪ್ಲೋರರ್ ಎರಡೂ 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿದ್ದವು. ಅದಕ್ಕೆ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಕುರಿತ ಆತಂಕ. ಸ್ವಚ್ಛಗೊಳಿಸುತ್ತೇನೆಂದು ಬರುವ ಆ್ಯಪ್‌ಗೆ ನಾವು ಎಷ್ಟೊಂದು ಅನುಮತಿ ಕೊಡುತ್ತೇವೆಂದು ಯೋಚಿಸಿದರೆ ಆ ಆತಂಕ ಅರ್ಥವಾಗುತ್ತದೆ. ಫೋನಿನಲ್ಲೇ ಬರುವ ಫೈಲ್ಸ್ ಆ್ಯಪ್ ಸಾಕು. ದೊಡ್ಡ ಕಡತ, ಎರಡೆರಡು ಬಾರಿ ಉಳಿದ ಕಡತಗಳನ್ನು ಅದು ತೋರಿಸುತ್ತದೆ, ಅಳಿಸುವ ಮುನ್ನ ಕೇಳುತ್ತದೆ.

ತಪ್ಪು ಕಲ್ಪನೆ: ಫೋಟೊಗಳೆಲ್ಲ ಗೂಗಲ್‌ನಲ್ಲಿವೆ. ಫೋನಿನಲ್ಲಿರುವುದನ್ನು ಅಳಿಸಿದರೂ ಅಲ್ಲಿ ಇರುತ್ತವೆ.

ವಾಸ್ತವ: ಅತಿ ಹೆಚ್ಚು ನೋವು ಕೊಡುವ ತಪ್ಪು ತಿಳಿವಳಿಕೆ ಇದು. ಹಾಗಾಗಿ ಸ್ವಲ್ಪ ನಿಧಾನಿಸೋಣ.

ಬ್ಯಾಕಪ್ ಆದ ಫೋಟೊವನ್ನು ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಡಿಲೀಟ್ ಮಾಡಿದರೆ ಅದು ಫೋನಿನಿಂದಲೂ ಹೋಗುತ್ತದೆ, ಗೂಗಲ್ ಖಾತೆಯಿಂದಲೂ ಹೋಗುತ್ತದೆ. ಎರಡೂ ಕಡೆ ಇರುವುದು ಒಂದೇ ಫೋಟೊ ಎಂದು ಆ ಆ್ಯಪ್ ಭಾವಿಸುತ್ತದೆ. ಬ್ಯಾಕಪ್ ಆದದ್ದು 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಆಮೇಲೆ ಶಾಶ್ವತವಾಗಿ ಇಲ್ಲ. ಫೋನಿನ ಪ್ರತಿಯನ್ನಷ್ಟೇ ತೆಗೆಯಲು ಅದೇ ಆ್ಯಪ್‌ನಲ್ಲಿ ಫ್ರೀ ಅಪ್ ಸ್ಪೇಸ್ ಎಂಬ ಬೇರೆ ಆಯ್ಕೆ ಇದೆ. ಬ್ಯಾಕಪ್ ಆಗಿರುವವನ್ನು ಮಾತ್ರ ಆರಿಸಿ ಫೋನಿನಿಂದ ತೆಗೆಯುವುದು ಅದರ ಕೆಲಸ.

ಎಲ್ಲವೂ ಗೂಗಲ್‌ನಲ್ಲಿದೆ ಎಂಬುದನ್ನೂ ಪರೀಕ್ಷಿಸಬೇಕು. ಬ್ಯಾಕಪ್ ಆನ್ ಮಾಡಿದಾಗ ಮೊದಲಿಗೆ ಹೋಗುವುದು ಕ್ಯಾಮೆರಾದ ಫೋಟೊಗಳು. ವಾಟ್ಸಾಪ್‌ನಲ್ಲಿ ಬಂದವು, ಸ್ಕ್ರೀನ್‌ಶಾಟ್‌ಗಳು ಹೋಗಬೇಕಾದರೆ ಆ ಫೋಲ್ಡರ್‌ಗಳನ್ನು ನಾವೇ ಆನ್ ಮಾಡಬೇಕು. ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳಬೇಕು. ಅದು ತುಂಬಿದ ದಿನದಿಂದ ಹೊಸ ಫೋಟೊ ಬ್ಯಾಕಪ್ ಆಗುವುದಿಲ್ಲ. ಹೋದ ವರ್ಷದ ಫೋಟೊಗಳು ಕಾಣುತ್ತವೆಂದು ಈ ವರ್ಷದವೂ ಇವೆ ಎಂದುಕೊಂಡರೆ ಕೆಟ್ಟೆವು.

ನೋಡುವ ದಾರಿ ಸುಲಭ. ಬೇರೊಂದು ಫೋನಿನಲ್ಲೋ ಕಂಪ್ಯೂಟರಿನಲ್ಲೋ ನಿಮ್ಮ ಖಾತೆಗೆ ಲಾಗಿನ್ ಆಗಿ ಗೂಗಲ್ ಫೋಟೋಸ್ ತೆರೆಯಿರಿ. ಅಲ್ಲಿ ನಿನ್ನೆಯ ಫೋಟೊ ಕಂಡರೆ ಬ್ಯಾಕಪ್ ನಡೆಯುತ್ತಿದೆ. ಕಾಣದಿದ್ದರೆ ಫೋನಿನಲ್ಲಿ ಒಂದನ್ನೂ ಅಳಿಸಬೇಡಿ.

ತಪ್ಪು ಕಲ್ಪನೆ: ಅಳಿಸಿದ್ದನ್ನು ರಿಕವರಿ ಆ್ಯಪ್‌ನಿಂದ ಯಾವಾಗ ಬೇಕಾದರೂ ಹೊರಗೆ ತೆಗೆಯಬಹುದು.

ವಾಸ್ತವ: ಹಳೆಯ ಮೆಮೊರಿ ಕಾರ್ಡ್‌ಗಳಲ್ಲಿ ಆಗುತ್ತಿತ್ತು, ಈಗಲೂ ಕಾರ್ಡಿನಲ್ಲಿ ಕೆಲವೊಮ್ಮೆ ಆಗುತ್ತದೆ. ಫೋನಿನ ಒಳಗಿನ ಸ್ಟೋರೇಜ್ ಹಾಗಲ್ಲ. ಆಂಡ್ರಾಯ್ಡ್ 10ರಿಂದಾಚೆಗೆ ಬಂದ ಫೋನ್‌ಗಳಲ್ಲಿ ಕಡತಗಳನ್ನೆಲ್ಲ ಗೂಢಲಿಪಿಯಲ್ಲಿ ಬರೆದಿರುತ್ತದೆ. ಟ್ರ್ಯಾಶ್ ಖಾಲಿಯಾದ ಮೇಲೆ ಅವನ್ನು ಮರಳಿ ಓದುವುದು ಸಾಮಾನ್ಯ ಆ್ಯಪ್‌ನ ಕೈಲಾಗದ ಕೆಲಸ. ರೀಸೆಟ್ ಆದ ಮೇಲಂತೂ ಗೂಢಲಿಪಿಯ ಕೀಲಿಯೇ ನಾಶವಾಗಿರುತ್ತದೆ. ದುಡ್ಡು ಕಟ್ಟಿಸಿಕೊಳ್ಳುವ ರಿಕವರಿ ಆ್ಯಪ್‌ಗಳು ಹೆಚ್ಚಾಗಿ ತೋರಿಸುವುದು ಎಲ್ಲೋ ಉಳಿದ ಪುಟ್ಟ ಥಂಬ್‌ನೇಲ್ ಚಿತ್ರಗಳನ್ನು.

ಲಾಕ್ಡ್ ಫೋಲ್ಡರ್, ಸೇಫ್ ಫೋಲ್ಡರ್‌ಗಳಲ್ಲಿ ಇಟ್ಟರೆ ಕಳೆಯುವುದಿಲ್ಲ ಎಂಬ ನಂಬಿಕೆಯೂ ಇದರ ಜೊತೆಯದೇ. ಅವು ಬೇರೆಯವರ ಕಣ್ಣಿನಿಂದ ಕಾಯುತ್ತವೆ, ನಷ್ಟದಿಂದ ಅಲ್ಲ. ಗೂಗಲ್ ಫೋಟೋಸ್‌ನ ಲಾಕ್ಡ್ ಫೋಲ್ಡರಿನಲ್ಲಿ ಬ್ಯಾಕಪ್ ಆಗದೆ ಉಳಿದ ಚಿತ್ರಗಳು, ಆ ಆ್ಯಪ್‌ನ ಡೇಟಾ ಕ್ಲಿಯರ್ ಮಾಡಿದರೆ ಹೋದಂತೆಯೇ.

ತಪ್ಪು ಕಲ್ಪನೆ: ವಾಟ್ಸಾಪ್ ಬರಿಯ ಸಂದೇಶ ಕಳಿಸುವ ಆ್ಯಪ್. ಅದರಿಂದ ಎಷ್ಟು ಜಾಗ ಹೋದೀತು.

ವಾಸ್ತವ: ನಮ್ಮಲ್ಲಿ ಹೆಚ್ಚಿನವರ ಫೋನ್ ತುಂಬಿರುವುದು ಇಲ್ಲಿಯೇ. ಮೀಡಿಯಾ ಫೋಲ್ಡರಿನೊಳಗೆ ವಾಟ್ಸಾಪ್ ಇಮೇಜಸ್ ತೆರೆದು ನೋಡಿ. ಐಎಂಜಿ, ಆಮೇಲೆ ತಾರೀಖು, ಆಮೇಲೆ ಡಬ್ಲ್ಯುಎ ಎಂಬ ಹೆಸರಿನ ಸಾಲು ಸಾಲು ಚಿತ್ರಗಳು: ಶುಭೋದಯ, ಏಕಾದಶಿ, ಹುಟ್ಟುಹಬ್ಬದ ಕೇಕ್. ಅದರೊಳಗೇ ಸೆಂಟ್ ಎಂಬ ಇನ್ನೊಂದು ಫೋಲ್ಡರ್. ನಾವು ಗ್ಯಾಲರಿಯಿಂದ ಕಳಿಸಿದ ಚಿತ್ರದ ಇನ್ನೊಂದು ಪ್ರತಿ ಅಲ್ಲಿ ಕುಳಿತಿರುತ್ತದೆ. ಮೂಲ ಗ್ಯಾಲರಿಯಲ್ಲಿ ಇದೆಯೆಂದು ಖಚಿತವಾದರೆ ಸೆಂಟ್‌ನಲ್ಲಿರುವುದನ್ನು ಅಳಿಸಲು ಹೆದರಬೇಕಿಲ್ಲ.

ಫೋಲ್ಡರ್‌ಗಳಲ್ಲಿ ಹುಡುಕುವುದಕ್ಕಿಂತ ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಸ್ಟೋರೇಜ್ ತೆರೆಯುವುದು ಒಳ್ಳೆಯದು. ಹಲವು ಬಾರಿ ಫಾರ್ವರ್ಡ್ ಆದವು, 5 ಎಂಬಿಗಿಂತ ದೊಡ್ಡವು ಎಂದು ಅದೇ ಬೇರ್ಪಡಿಸಿ ಕೊಡುತ್ತದೆ. ಅಲ್ಲಿಂದ ಶುರುಮಾಡಿ. ಜೊತೆಗೆ ವಿಡಿಯೊಗಳ ಆಟೋ ಡೌನ್‌ಲೋಡ್ ನಿಲ್ಲಿಸಿದರೆ ಮುಂದಿನ ತಿಂಗಳು ಇದೇ ಕೆಲಸ ಇರುವುದಿಲ್ಲ.

ತಪ್ಪು ಕಲ್ಪನೆ: ಏನೇ ಆದರೂ ಕೊನೆಗೆ ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಹೊಡೆಸಿದರೆ ಆಯಿತು.

ವಾಸ್ತವ: ಫಾರ್ಮ್ಯಾಟ್ ಮಾಡಿದ ಫೋನ್ ಚುರುಕಾಗುವುದು ನಿಜ. ನಮ್ಮ ಕಡತಗಳೆಲ್ಲ ಹೋಗಿ ಜಾಗ ಖಾಲಿಯಾಗಿರುವುದೂ ಅದಕ್ಕೆ ಒಂದು ಮುಖ್ಯ ಕಾರಣ. ಅದೇ ಜಾಗವನ್ನು ವಿಡಿಯೊ ಅಳಿಸಿಯೂ ಮಾಡಿಕೊಳ್ಳಬಹುದು. ಫಾರ್ಮ್ಯಾಟ್ ಅನಿವಾರ್ಯವೇ ಆದರೆ ಒಂದು ಮಾತು. ಅಂಗಡಿಯಲ್ಲಿ ಬಟನ್ ಒತ್ತಿ ರಿಕವರಿ ಮೋಡ್‌ನಲ್ಲಿ ರೀಸೆಟ್ ಮಾಡಿದ ಫೋನ್, ಹಿಂದೆ ಅದರಲ್ಲಿದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಅಥವಾ ಹಳೆಯ ಸ್ಕ್ರೀನ್ ಲಾಕ್ ಕೇಳುತ್ತದೆ. ಕಳ್ಳರಿಗೆ ಫೋನ್ ದಕ್ಕಬಾರದೆಂದು ಮಾಡಿದ ಏರ್ಪಾಡು ಅದು. ಹಳ್ಳಿಗಳಲ್ಲಿ ಎಷ್ಟೋ ಹಿರಿಯರ ಜಿಮೇಲ್ ಖಾತೆಯನ್ನು ಫೋನ್ ಕೊಂಡ ದಿನ ಅಂಗಡಿಯ ಹುಡುಗನೇ ಮಾಡಿಕೊಟ್ಟಿರುತ್ತಾನೆ. ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮ ತಂದೆತಾಯಿಯ ಫೋನಿನಲ್ಲಿ ಯಾವ ಖಾತೆ ಇದೆ ಎಂದು ಇವತ್ತೇ ನೋಡಿ, ಪಾಸ್‌ವರ್ಡ್ ಹೊಸದಾಗಿ ಹಾಕಿ, ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ.